ಮೇವಿಸ್ ಸಗ್ಡನ್ ‘ಪರವಾಗಿಲ್ಲ’ ಎಂದರೆ

ಮೇವಿಸ್ ಸಗ್ಡನ್‌ಳನ್ನು ಬಟ್ಟೆಯ ಥಾನಿನಂತೆ ಅಂಗಡಿಯ ಹಲಗೆಯ ಮೇಲೆ ಬಿಚ್ಚಿ ಹರಡಿದರೆ ಮೊದಲು ಕಣ್ಣಿಗೆ ಬೀಳುವುದು ಅಳತೆಯ ಕೊರತೆ. ಆಳು ಗಿಡ್ಡ. ತೂಕದಲ್ಲಿ ಮಾತ್ರ ಮೋಸವಿಲ್ಲ. ಬಣ್ಣ ಮಳೆಗೆ ನೆಂದ ಕಲ್ಲಿನ ಬೂದು. ನೇಯ್ಗೆ ಒತ್ತಾಗಿದೆ, ಗಾಳಿ ನುಗ್ಗುವುದಿಲ್ಲ, ಹೊಗಳಿಕೆಯೂ ನುಗ್ಗುವುದಿಲ್ಲ. ತೊಳೆದರೆ ಕುಗ್ಗುವ ಜಾತಿಯಲ್ಲ, ಎಳೆದರೆ ಹಿಗ್ಗುವ ಜಾತಿಯೂ ಅಲ್ಲ. ಅಂಚು ಒರಟು, ಹುಷಾರಾಗಿ ಹಿಡಿಯದಿದ್ದರೆ ಕೈಗೆ ಚುಚ್ಚುತ್ತದೆ. ಇಂಥ ಮಾಲನ್ನು ಅವಸರದ ಗಿರಾಕಿ ಪಕ್ಕಕ್ಕೆ ತಳ್ಳಿ ಹೂವಿನ ಚಿತ್ತಾರದ ಕಡೆಗೆ ಹೋಗುತ್ತಾನೆ. ನಾಲ್ಕು ಊರಿನ ನೀರು ಕುಡಿದ ವ್ಯಾಪಾರಿಯಾದರೆ ಒಮ್ಮೆ ತಿರುವಿ ಹಾಕಿ ಒಳಮೈ ನೋಡುತ್ತಾನೆ, ಬಾಯಿ ಮುಚ್ಚಿಕೊಂಡು ಮಡಚುತ್ತಾನೆ, ಮನೆಗೇ ಎತ್ತಿಟ್ಟುಕೊಳ್ಳುತ್ತಾನೆ.

ಒಳಮೈ ನೋಡುವುದು ಮೇವಿಸಳದೇ ಕಸುಬು. ಬ್ರಾಡ್‌ಫರ್ಡ್‌ನ ಉಣ್ಣೆ ಗಿರಣಿಯೊಂದರಲ್ಲಿ ಅವಳು ಬಟ್ಟೆಯ ತಪ್ಪು ತಿದ್ದುವವಳಾಗಿದ್ದಳು. ಮಗ್ಗದಿಂದ ಇಳಿದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು, ಹೆಬ್ಬೆರಳು ಓಡಿಸಿ ಗಂಟು ಹುಡುಕಿ ಕೀಳಬೇಕು. ಎಳೆ ಕಡಿದಿದ್ದರೆ ಸೂಜಿ ಹಿಡಿದು ನೇಯ್ಗೆಯಲ್ಲಿ ನೇಯ್ಗೆಯಾಗಿ ಸೇರಿಸಬೇಕು. ಕೊನೆಗೆ ಮೇಸ್ತ್ರಿ ಬಂದು ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಿದ್ದ. ತಪ್ಪು ಉಳಿದಿದ್ದರೆ ಬೈಗುಳ ಸವಿಸ್ತಾರವಾಗಿ ಬರುತ್ತಿತ್ತು. ಉಳಿದಿರದಿದ್ದರೆ ಒಂದೇ ಮಾತು: “ಪರವಾಗಿಲ್ಲ.” ಬಟ್ಟೆ ಹಡಗು ಹತ್ತಲು ಯೋಗ್ಯ ಎಂದು ಅದರ ಅರ್ಥ. ಅದಕ್ಕಿಂತ ದೊಡ್ಡ ಮಾತು ಆ ಗಿರಣಿಯಲ್ಲಿ ಇರಲಿಲ್ಲ. ಊರಿನಲ್ಲೂ ಇರಲಿಲ್ಲ.

ಊರ ಮಾರುಕಟ್ಟೆಯಲ್ಲಿ ತುಂಡು ಬಟ್ಟೆಯ ಅಂಗಡಿ ಇಟ್ಟಿದ್ದವನಿಗೆ ಇದು ಗೊತ್ತಿರಲಿಲ್ಲ. ಅವನು ಇಂಗ್ಲೆಂಡಿನ ದಕ್ಷಿಣದ ಕಡೆ ವ್ಯಾಪಾರ ಕಲಿತು ಬಂದವನು. ಮೇವಿಸ್ ಮೊದಲ ಸಲ ಬಂದಾಗ ತನ್ನಲ್ಲಿದ್ದ ಅತ್ಯುತ್ತಮ ಕಡುನೀಲಿ ಉಣ್ಣೆ ತುಂಡನ್ನು ಮುಂದಿಟ್ಟ. ಅವಳು ತಿರುವಿದಳು, ಹೆಬ್ಬೆರಳು ಓಡಿಸಿದಳು, “ಪರವಾಗಿಲ್ಲ” ಎಂದಳು. ಚೌಕಾಸಿಗೆ ಪೀಠಿಕೆ ಎಂದುಕೊಂಡು ಅವನು ಬೆಲೆ ಇಳಿಸಿದ. ಅವಳು ಅವನನ್ನು ಹೆಂಚಿನ ಮೇಲಿಂದ ಬಿದ್ದ ಹಕ್ಕಿಮರಿಯನ್ನು ನೋಡುವ ಹಾಗೆ ನೋಡಿದಳು.

“ಪರವಾಗಿಲ್ಲ ಅಂದೆ. ಕಿವಿ ಮಂದಾನಾ ನಿಂಗೆ?” ಎಂದು ಮೊದಲು ಹೇಳಿದ್ದ ಬೆಲೆಯನ್ನೇ ಎಣಿಸಿಕೊಟ್ಟು ಹೋದಳು.

ಮುಂದಿನ ವಾರ ಅವನು ದೊಡ್ಡ ದೊಡ್ಡ ಗುಲಾಬಿಗಳಿದ್ದ ನಯವಾದ ಬಟ್ಟೆಯೊಂದನ್ನು ಅವಳಿಗಾಗಿಯೇ ತೆಗೆದಿಟ್ಟಿದ್ದ. “ತುಂಬಾ ಚೆನ್ನಾಗಿದೆ” ಎಂದಳು ಮೇವಿಸ್, ನಗುತ್ತಲೇ. ಬೇರೆ ಅಂಗಡಿಗಳನ್ನೂ ಸುತ್ತಿ ವಾಪಸು ಬರುತ್ತಾಳೆಂದು ಅವನು ಸಂಜೆಯವರೆಗೆ ಅದನ್ನು ಯಾರಿಗೂ ಮಾರದೆ ಕಾದ. ಅವಳು ಬರಲಿಲ್ಲ. ಪಕ್ಕದ ಅಂಗಡಿಯ ಕಸಾಯಿ ಆಮೇಲೆ ಅವನ ಭುಜ ತಟ್ಟಿ, ಈ ಊರಿನಲ್ಲಿ ಯಾರಾದರೂ ನಿನ್ನ ಮಾಲನ್ನು ಚೆನ್ನಾಗಿದೆ ಎಂದರೆ ಅಂಗಡಿ ಕಟ್ಟಿಕೊಂಡು ಹೊರಡುವುದೇ ಮೇಲು ಎಂದು ತಿಳಿಹೇಳಿದ.

ಮೇವಿಸಳ ಮನೆ ಗುಡ್ಡದ ಮೇಲೆ, ಮಸಿ ಹಿಡಿದ ಕಲ್ಲಿನ ಸಾಲುಮನೆಗಳಲ್ಲಿ ಒಂದು. ಪೇಟೆ ಗುಡ್ಡದ ಕೆಳಗೆ. ನಡುವೆ ಎರಡು ಗೋಡೆಗಳ ಸಂದಿಯಲ್ಲಿ ಇಳಿಯುವ ಕಲ್ಲಿನ ಮೆಟ್ಟಿಲ ದಾರಿ. ಹೆಸರು ಟೆಂಟರ್ ಮೆಟ್ಟಿಲು. ಕಾರು ಬರಲಾಗದು, ಕುದುರೆ ಬರಲಾಗದು, ದಪ್ಪಗಿರುವವರು ಎದುರಾದರೆ ಒಬ್ಬರು ಗೋಡೆಗೆ ಒರಗಿ ಉಸಿರು ಬಿಗಿಹಿಡಿಯಬೇಕು. ಮಧ್ಯದಲ್ಲಿ ಸಣ್ಣದೊಂದು ಜಗಲಿಯಷ್ಟು ಸಮತಟ್ಟು ಜಾಗ. ಅಲ್ಲಿ ಗೋಡೆ ತಗ್ಗಾಗುತ್ತದೆ, ಊರು ಕಾಣುತ್ತದೆ.

ಮೇವಿಸ್ ದಿನವೂ ಅಲ್ಲಿ ನಿಲ್ಲುತ್ತಿದ್ದಳು. ಗಿರಣಿಗೆ ಹೋಗುವ ಕಾಲದಲ್ಲೂ ನಿಲ್ಲುತ್ತಿದ್ದಳು, ಗಿರಣಿ ಮುಚ್ಚಿದ ಮೇಲೂ, ಗಂಡ ವಿಲ್ಫ್ ಹೋದ ಮೇಲೂ ನಿಲ್ಲುತ್ತಿದ್ದಳು. ಮಂಡಿ ನೋವಾ ಎಂದು ಕೇಳಿದವರಿಗೆ, ಮಂಡಿ ಗಟ್ಟಿ ಇದೆ, ಕಣ್ಣಿಗೆ ಕೆಲಸ ಇದೆ ಎನ್ನುತ್ತಿದ್ದಳು. ಕೆಳಗೆ ಸಾಲು ಸಾಲು ಸ್ಲೇಟಿನ ಛಾವಣಿಗಳು. ಮಳೆ ಬಂದರೆ ಆಗತಾನೇ ಬುಟ್ಟಿಗೆ ಸುರಿದ ಮೀನಿನಂತೆ ಹೊಳೆಯುತ್ತಿದ್ದವು. ಹೊಗೆ ಬಿಡುವುದನ್ನು ಮರೆತ ಗಿರಣಿ ಚಿಮಣಿಗಳು. ಅಡುಗೆ ಅನಿಲ ತುಂಬಿದ, ಅನಿಲ ಕಡಿಮೆಯಾದಂತೆ ಮೇಲ್ಭಾಗ ಕೆಳಗಿಳಿಯುವ ದೊಡ್ಡ ಕಬ್ಬಿಣದ ತೊಟ್ಟಿ. ಭಾನುವಾರ ಮಧ್ಯಾಹ್ನ ಊರಿನ ಒಲೆಗಳೆಲ್ಲ ಒಟ್ಟಿಗೆ ಹೊತ್ತಿಕೊಂಡಾಗ ಅದು ನಿಧಾನವಾಗಿ ಕುಸಿಯುತ್ತಿತ್ತು, ಊಟ ಮುಗಿದ ಮೇಲೆ ಮತ್ತೆ ಎದ್ದು ಕೂರುತ್ತಿತ್ತು. ಹಿಂಬದಿಯ ಓಣಿಯ ಅಡ್ಡಡ್ಡ ಹಗ್ಗಗಳಲ್ಲಿ ಊರಿನವರ ಬಿಳಿ ಹೊದಿಕೆಗಳು, ಅವುಗಳ ನಡುವೆ ಪಕ್ಕದ ಮನೆಯ ಜರೀನಾಳ ಕೇಸರಿ ದುಪಟ್ಟಾಗಳು. ಮೂಲೆಯ ಅಂಗಡಿಯಲ್ಲಿ ಗೋವಿನ ಕೊಬ್ಬಿನಲ್ಲಿ ಆಲೂಗಡ್ಡೆ ಕರಿಯುವ ವಾಸನೆ, ಜರೀನಾಳ ಅಡುಗೆಮನೆಯ ಈರುಳ್ಳಿ ಒಗ್ಗರಣೆ ಘಮ. ಎರಡೂ ಮೆಟ್ಟಿಲ ಮಧ್ಯದಲ್ಲೇ ಸೇರಿಕೊಂಡು ಮೇಲಕ್ಕೆ ಹತ್ತುತ್ತಿದ್ದವು.

ವಿಲ್ಫ್‌ನ ತಂಗಿ ಬೆರಿಲ್ ವರ್ಷಕ್ಕೊಮ್ಮೆ ಹ್ಯಾರೊಗೇಟ್‌ನಿಂದ ಬರುತ್ತಿದ್ದಳು. ಹ್ಯಾರೊಗೇಟ್‌ನವರು ತಮ್ಮ ಊರನ್ನು ಮೈಮೇಲೆ ಸೆಂಟು ಹಾಕಿಕೊಂಡ ಹಾಗೆ ಹೊತ್ತು ತರುತ್ತಾರೆ. ಒಮ್ಮೆ ಆ ಜಗಲಿಯಲ್ಲಿದ್ದ ಬೆಂಚನ್ನು ಕರವಸ್ತ್ರದಿಂದ ಒರೆಸಿ ಕೂತು, ಈ ಮಸಿಗುಂಡಿಯಲ್ಲಿ ಅದೇನು ನೋಡುತ್ತೀಯೇ ಎಂದು ಕೇಳಿದಳು. ತಮ್ಮ ಊರಿನಲ್ಲಿ ರಸ್ತೆ ಉದ್ದಕ್ಕೂ ಹೂವಿನ ಮಡಿಗಳಿವೆ, ದೂರದೂರದಿಂದ ಜನ ನೋಡಲು ಬರುತ್ತಾರೆ ಎಂದಳು.

“ಹೂವನ್ನ ಯಾರು ಬೇಕಾದ್ರೂ ನೋಡ್ತಾರೆ ಬೆರಿಲ್,” ಎಂದಳು ಮೇವಿಸ್. “ಅದಕ್ಕೆ ನಾನ್ಯಾಕೆ ಬೇಕು?”

ಊರಿನ ದೊಡ್ಡ ಕಟ್ಟಡಗಳ ಮಸಿಯನ್ನು ಯಂತ್ರ ಹಚ್ಚಿ ಉಜ್ಜಿ ತೆಗೆದು ಜೇನಿನ ಬಣ್ಣದ ಕಲ್ಲು ಹೊರಬಂದಾಗ ಎಲ್ಲರೂ ಬೆರಗಾಗಿದ್ದರು. ಮೇವಿಸಳಿಗೆ ಮಾತ್ರ ಅವು ಶಾಲೆಯ ಫೋಟೋಗೆ ಮುಖ ತೊಳೆಸಿ ನಿಲ್ಲಿಸಿದ ಮಕ್ಕಳ ಹಾಗೆ ಕಂಡವು. ಮಸಿ ನಮ್ಮದು, ನಮ್ಮ ಅಪ್ಪ ಅಮ್ಮ ದುಡಿದು ಹಚ್ಚಿದ್ದು, ಯಾರನ್ನು ಕೇಳಿ ತೊಳೆದರು ಎಂದು ಅವಳು ಬಸ್ಸಿನಲ್ಲಿ ಗಟ್ಟಿಯಾಗಿಯೇ ಹೇಳಿದಳು. ಮೆಟ್ಟಿಲ ಎರಡೂ ಬದಿಯ ಗೋಡೆ ಇನ್ನೂ ಕಪ್ಪಾಗಿತ್ತು. ಅದಕ್ಕೇ ಅವಳಿಗೆ ಸಮಾಧಾನ.

ಹೀಗಿರುವಾಗ ಮೆಟ್ಟಿಲ ಬುಡದಲ್ಲಿದ್ದ ಅವಳ ಹಳೇ ಗಿರಣಿಯನ್ನು ಹೊರಗಿನ ಕಂಪನಿಯೊಂದು ಕೊಂಡಿತು. ಗಿರಣಿಯನ್ನು ಶ್ರೀಮಂತರ ಫ್ಲಾಟುಗಳನ್ನಾಗಿ ಮಾಡುವುದು, ಮೆಟ್ಟಿಲ ದಾರಿಯನ್ನು ಒಳಕ್ಕೆ ಸೇರಿಸಿಕೊಂಡು ಎರಡೂ ತುದಿಗೆ ಗೇಟು ಹಾಕುವುದು ಅವರ ಲೆಕ್ಕ. ಕಂಪನಿಯ ಪರವಾಗಿ ಬಂದವನು ಪೆಲ್ಹ್ಯಾಮ್ ಎಂಬ ಸಭ್ಯ ಮನುಷ್ಯ. ಸದಾ ಕೊಡೆ ಹಿಡಿದಿರುತ್ತಿದ್ದ. ಮಳೆ ತನ್ನ ಮೇಲಿನ ವೈಯಕ್ತಿಕ ದ್ವೇಷದಿಂದಲೇ ಬೀಳುತ್ತದೆ ಎಂಬ ಮುಖ.

ಮೊದಲು ಅವನು ಮನೆಮನೆಗೆ ಒಂದಿಬ್ಬರು ಹುಡುಗಿಯರನ್ನು ಕಳಿಸಿದ. ಅವರ ಕೈಯಲ್ಲಿ ಬಣ್ಣದ ದೊಡ್ಡ ಚಿತ್ರ. ಅದರಲ್ಲಿ ಕಾರಂಜಿ, ಬಿಳಿ ಕುರ್ಚಿ, ಮರದ ನೆರಳಿನಲ್ಲಿ ಕಾಫಿ ಕುಡಿಯುತ್ತಿರುವ ತೆಳ್ಳನೆಯ ಜನ, ಬ್ರಾಡ್‌ಫರ್ಡ್‌ನ ಮೇಲೆ ಎಂದೂ ಕಾಣದ ನೀಲಿ ಆಕಾಶ. ಹುಡುಗಿಯರು ಎರಡೇ ಪ್ರಶ್ನೆ ಕೇಳಿದರು: ಈ ಮೆಟ್ಟಿಲ ಬಗ್ಗೆ ನಿಮಗೆ ಏನನ್ನಿಸುತ್ತದೆ? ಈ ಚಿತ್ರದ ಬಗ್ಗೆ ಏನನ್ನಿಸುತ್ತದೆ?

ಎದುರುಮನೆಯ ಕ್ಲಿಫರ್ಡ್ ಹೋಲ್‌ರಾಯ್ಡ್ ನಿವೃತ್ತ ಬಸ್ ಚಾಲಕ. ಜಗಲಿಯಲ್ಲಿ ಕೂತು ಗುಡ್ಡ ಹತ್ತುವ ಬಸ್ಸುಗಳ ಗೇರನ್ನು ಕಿವಿಯಿಂದಲೇ ತೂಗುತ್ತಿದ್ದವನು. ಮೆಟ್ಟಿಲೋ, ಪರವಾಗಿಲ್ಲ ಎಂದ. ಚಿತ್ರ ನೋಡಿ, ತುಂಬಾ ಚೆನ್ನಾಗಿದೆ ಎಂದ. ಪಾಕಿಸ್ತಾನದಿಂದ ಹೊಸ ಮದುವಣಗಿತ್ತಿಯಾಗಿ ಬಂದು ಈಗ ಬೆಳೆದ ಮಕ್ಕಳ ತಾಯಿಯಾಗಿದ್ದ ಜರೀನಾ ಊರಿನ ಮಾತನ್ನು ಊರಿನವರಿಗಿಂತ ಚೆನ್ನಾಗಿ ಕಲಿತಿದ್ದಳು. ಅವಳೂ ಅದನ್ನೇ ಹೇಳಿದಳು. ಮೇವಿಸ್ ಆಗ ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದಳು. ಬಾಯಲ್ಲಿ ಕಚ್ಚಿದ್ದ ಕ್ಲಿಪ್ಪುಗಳ ಸಂದಿಯಿಂದಲೇ ಅವಳೂ ಅದೇ ಎರಡು ಉತ್ತರ ಕೊಟ್ಟು, ಹುಡುಗಿಯರು ಚಳಿಗೆ ನಡುಗುತ್ತಿದ್ದಾರಲ್ಲ ಎಂದು ಒಳಗೆ ಕರೆದು ಟೀ, ಬಿಸ್ಕತ್ತು ಕೂಡ ಕೊಟ್ಟಳು.

ಕೆಲವು ವಾರಗಳ ಮೇಲೆ ಗುಡ್ಡದ ಮೇಲಿನ ಚಾಪೆಲ್ ಎಂಬ ಸಣ್ಣ ಚರ್ಚಿನ ಸಭಾಂಗಣದಲ್ಲಿ ಪೆಲ್ಹ್ಯಾಮ್ ಸಭೆ ಕರೆದ. ಮೊದಲರ್ಧ ಹೊತ್ತು ಆ ದಾರಿಯನ್ನು ಏನೆಂದು ಕರೆಯಬೇಕು ಎಂಬುದರಲ್ಲೇ ಕಳೆಯಿತು. ಗುಡ್ಡದ ಮೇಲಿನವರಿಗೆ ಅದು ‘ಜಿನ್ನಲ್’, ಕೆಳಗಿನವರಿಗೆ ‘ಸ್ನಿಕೆಟ್’. ಎರಡರ ಅರ್ಥವೂ ಸಂದಿ ಎಂದೇ; ಆದರೆ ಅದಕ್ಕಾಗಿ ಮಾತು ಬಿಟ್ಟ ಬೀಗರು ಆ ಊರಿನಲ್ಲಿದ್ದಾರೆ. ಗದ್ದಲ ತಣ್ಣಗಾದ ಮೇಲೆ ಪೆಲ್ಹ್ಯಾಮ್ ಎದ್ದು ನಿಂತು, ಆ ದಾರಿಯ ಮೇಲೆ ಇಲ್ಲಿ ಯಾರಿಗೂ ವಿಶೇಷ ಅಕ್ಕರೆ ಇಲ್ಲವೆಂದು ತಮಗೆ ಖಚಿತವಾಗಿದೆ ಎಂದ. ಮನೆಮನೆಗೆ ಹೋಗಿ ಕೇಳಿದ್ದೇವೆ, ಇಷ್ಟ ಎಂದವರು ಒಬ್ಬರೂ ಇಲ್ಲ, ಹೆಚ್ಚೆಂದರೆ ಪರವಾಗಿಲ್ಲ ಎಂದಿದ್ದಾರೆ. ನಮ್ಮ ಯೋಜನೆಯನ್ನೋ, ಎಲ್ಲರೂ ಒಕ್ಕೊರಲಿನಿಂದ ತುಂಬಾ ಚೆನ್ನಾಗಿದೆ ಎಂದಿದ್ದಾರೆ.

ಅವನು ಸುಳ್ಳು ಹೇಳಿರಲಿಲ್ಲ, ಅದೇ ತೊಂದರೆ. ಪ್ರತಿಯೊಬ್ಬರೂ ಪಕ್ಕದವರತ್ತ ನೋಡಿದರು. ಮೇವಿಸಳ ಕಿವಿ ಬಿಸಿಯಾಯಿತು. ದಿನವೂ ನಿಂತು ನೋಡಿದ್ದ ಊರನ್ನು ತಾನೇ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು, ಇವನ ಕೈಗೆ ಕೊಟ್ಟಿದ್ದಳು. ಮೇಲೊಂದು ಬಿಸ್ಕತ್ತು ಬೇರೆ.

ಆ ತಿಂಗಳಲ್ಲೇ ಸರ್ಕಾರದ ಕಡೆಯಿಂದ ಅಧಿಕಾರಿ ಬಂದು ವಿಚಾರಣೆ ಮಾಡುವುದಿತ್ತು, ತೀರ್ಪು ಆಮೇಲೆ. ಮರುದಿನ ಬೆಳಗ್ಗೆಯೇ ಮೇವಿಸ್ ಬೀದಿಯ ಬಾಗಿಲುಗಳನ್ನೆಲ್ಲ ಬಡಿದಳು. ಅಧಿಕಾರಿಯ ಮುಂದೆ ಎದ್ದು ನಿಂತು ‘ಈ ಮೆಟ್ಟಿಲು ನನಗೆ ಇಷ್ಟ’ ಎಂದು ಹೇಳಿ, ಅಷ್ಟು ಸಾಕು ಎಂದಳು. ಜನ ಬೂಟಿನ ತುದಿ ನೋಡಿಕೊಂಡರು. ಗೇಟು ಹಾಕಲು ಬಂದವರ ಮೇಲೆ ಕಲ್ಲು ಬೇಕಾದರೆ ಎಸೆಯುತ್ತೇವೆ ಎಂದರು ಕೆಲವರು. ಇಷ್ಟ ಎಂದು ನಾಲ್ಕು ಜನರ ಮುಂದೆ ಹೇಳುವುದು ಮಾತ್ರ ಆಗದ ಮಾತು.

ಕ್ಲಿಫರ್ಡ್ ಪ್ರಾಮಾಣಿಕವಾಗಿ ಯತ್ನಿಸಿದ. ಅವಳ ಅಡುಗೆಮನೆಯಲ್ಲಿ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. “ನಂಗೆ ಆ ಮೆಟ್ಟಿಲು...” ಎಂದು ಶುರುಮಾಡಿ, ನೀರಿನ ನಲ್ಲಿಯನ್ನು ನೋಡಿ, ಮತ್ತೆ ಶುರುಮಾಡಿ, ಕೊನೆಗೆ ಟೊಪ್ಪಿ ತಲೆಗೆ ಹಾಕಿಕೊಂಡ.

“ಆಗಲ್ಲ ಮೇವಿಸ್. ಹೆಂಡ್ತಿ ಎಡ್ನಾಗೇ ನಾನು ಆ ಮಾತು ಹೇಳಿಲ್ಲ. ಈಗ ಮೆಟ್ಟಿಲಿಗೆ ಹೇಳಿದ್ರೆ ಅವಳು ಮನೆಗೆ ಸೇರಿಸ್ತಾಳಾ?”

“ಅವಳು ಸತ್ತ ಮೇಲೆ ಹೇಳ್ತೀಯಾ?”

“ಆಗ ಪರವಾಗಿಲ್ಲ,” ಎಂದ ಕ್ಲಿಫರ್ಡ್.

ಜರೀನಾ ತಾನು ಹೇಳಬಲ್ಲೆ ಎಂದಳು. ತನ್ನ ಭಾಷೆಯಲ್ಲಿ ಅದಕ್ಕೆ ಹತ್ತು ಮಾತಿವೆ, ಒಂದಕ್ಕಿಂತ ಒಂದು ಸಿಹಿ. ಆದರೆ ಮೇವಿಸ್ ಬೇಡವೆಂದು ತಲೆಯಾಡಿಸಿದಳು. ಅವಳ ಮನಸ್ಸು ಅಷ್ಟರಲ್ಲಿ ತಿರುಗಿತ್ತು. ಇವರಿಗೆಲ್ಲ ಬಾರದ ಮಾತನ್ನು ಬಾಯಿಪಾಠ ಮಾಡಿಸುವುದು ಸೋತ ಹಾಗೆಯೇ. ಪೆಲ್ಹ್ಯಾಮ್‌ನ ಮಾತಿನಲ್ಲಿ ಬೇಡಿಕೊಂಡು ಗೆದ್ದರೆ ಮೆಟ್ಟಿಲೇನೋ ಉಳಿದೀತು, ಊರಿನ ಬಾಯಿ ಅವನದಾಗುತ್ತದೆ.

“ಬೇಡ ಜರೀನಾ. ನಾವು ಹೇಳಿದ್ದು ಸರಿಯಾಗೇ ಇದೆ. ಅವನಿಗೆ ಕೇಳಿಸ್ಕೊಳೋಕೆ ಬರಲ್ಲ. ಅದನ್ನ ಕಲಿಸೋಣ.”

“ಅವನು ಕಲಿತಾನಾ ಮೇವಿಸ್ ಬಾಜಿ?” ಎಂದಳು ಜರೀನಾ. ಅಕ್ಕನನ್ನು ಕರೆಯುವಂತೆ ಅವಳು ಮೇವಿಸಳನ್ನು ಬಾಜಿ ಎಂದೇ ಕರೆಯುತ್ತಿದ್ದಳು.

“ನೀನು ಕಲಿತೆಯಲ್ಲ. ಅವನೇನು ನಿನಗಿಂತ ದೂರದಿಂದ ಬಂದವನಾ?”

ವಿಚಾರಣೆಯ ದಿನ ಅದೇ ಸಭಾಂಗಣ. ತುಂಡು ಬಟ್ಟೆಯವನೂ ಅಂಗಡಿಗೆ ಪರದೆ ಎಳೆದು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಅಧಿಕಾರಿಯಾಗಿ ಬಂದವಳು ಮಿಸ್ ಲಾಕ್ಸ್‌ಲಿ, ಮುಖದ ಮೇಲೆ ಯಾವ ಬೆಲೆಚೀಟಿಯನ್ನೂ ಅಂಟಿಸಿಕೊಳ್ಳದ ಹೆಂಗಸು. ಪೆಲ್ಹ್ಯಾಮ್ ತನ್ನ ಮಾತನ್ನು ಮೊದಲಿನಂತೆಯೇ, ಇನ್ನಷ್ಟು ಪಾಲಿಶು ಹಚ್ಚಿ ಹೇಳಿದ. ಊರಿನವರಲ್ಲಿ ಯಾರು ಮಾತಾಡುತ್ತೀರಿ ಎಂದು ಅವಳು ಕೇಳಿದಾಗ ಮೇವಿಸ್ ಎದ್ದಳು. ಕಡುನೀಲಿ ಉಣ್ಣೆಯ ಕೋಟು ತೊಟ್ಟಿದ್ದಳು.

“ನಂಗೆ ಭಾಷಣ ಬರಲ್ಲಮ್ಮ. ಒಂದು ಮಾತಿನ ಅರ್ಥ ಹೇಳಿ ಕೂತ್ಕೋತೀನಿ.”

ಮುಂದೆ ಹೇಳಬೇಕಾದದ್ದನ್ನು ಅವಳು ಯಾರಿಗೂ ಹೇಳಿದವಳಲ್ಲ; ವಿಲ್ಫ್ ಇದ್ದಾಗ ಅವನೊಡನೆಯೂ ಆ ಮಾತು ಎತ್ತಿದವಳಲ್ಲ. ಕೋಟಿನ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿಕೊಂಡಳು.

“ಇದೇ ಚಾಪೆಲ್ಲಲ್ಲಿ ನನ್ನ ಮದುವೆ ಆಯ್ತು. ಮುಗಿಸ್ಕೊಂಡು ಆ ಮೆಟ್ಟಿಲು ಇಳೀತಾ ಇದ್ವಿ. ನಡುವೆ ಜಗಲಿ ಹತ್ರ ವಿಲ್ಫ್ ನಿಂತ. ಊರು ನೋಡಿದ, ನನ್ನ ನೋಡಿದ. ‘ಪರವಾಗಿಲ್ಲ ಕಣೇ’ ಅಂದ. ಅಷ್ಟೇ. ಅದಾದ್ಮೇಲೆ ಸಾಯೋವರೆಗೂ ಅಂಥ ಮಾತು ಇನ್ನೊಂದು ಆಡ್ಲಿಲ್ಲ. ಆ ಒಂದು ಮಾತಿನ ಮೇಲೆ ನಾನು ಜೀವಮಾನ ಸಂಸಾರ ಮಾಡಿದೀನಿ. ಈ ಸಾಹೇಬ್ರು ಅದನ್ನ ಬರ್ಕೊಂಡು ಹೋಗಿದ್ರೆ, ಆ ಗಂಡಸಿಗೆ ಹೆಂಡ್ತಿ ಮೇಲೆ ಅಕ್ಕರೆ ಇರ್ಲಿಲ್ಲ ಅಂತ ಸಭೇಲಿ ಓದ್ತಿದ್ರು.”

ಕೂತಳು. ಕ್ಲಿಫರ್ಡ್ ಮೂಗು ಒರೆಸಿಕೊಂಡ; ಚಳಿ ಎಂದು ಪಕ್ಕದವರಿಗೆ ಹೇಳಿದ. ಪೆಲ್ಹ್ಯಾಮ್ ನಿಧಾನವಾಗಿ ಎದ್ದ. ಆ ಮಾತಿಗೆ ಅಂಥ ಅರ್ಥ ಇದ್ದರೂ ಇರಬಹುದು, ಆದರೆ ತಮ್ಮ ಚಿತ್ರವನ್ನು ಇದೇ ಜನ ತುಂಬಾ ಚೆನ್ನಾಗಿದೆ ಎಂದು ಹೊಗಳಿದ್ದಾರಲ್ಲ, ಅದಕ್ಕೇನು ಹೇಳುತ್ತಾರೆ ಎಂದು ಕೇಳಿದ.

ಸಭೆ ಮತ್ತೆ ಬೂಟಿನ ತುದಿ ನೋಡಿತು, ಈ ಸಲ ಬೇರೆ ಕಾರಣಕ್ಕೆ. ಕೊನೆಗೆ ಕ್ಲಿಫರ್ಡ್ ತುಂಬ ಮೃದುವಾಗಿ, ಸಾವಿನ ಸುದ್ದಿ ತಿಳಿಸುವವನ ಹಾಗೆ ಹೇಳಿದ: “ಅದು ಮರ್ಯಾದೆಗೆ ಅಂದಿದ್ದು ಚಿನ್ನ.”

ಆ ಊರಿನ ಗಂಡಸರು ಗಂಡಸರನ್ನೂ ಚಿನ್ನ ಎಂದೇ ಕರೆಯುತ್ತಾರೆ. ಪೆಲ್ಹ್ಯಾಮ್‌ಗೆ ಅದೂ ಅರ್ಥವಾಗಲಿಲ್ಲ. ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದಕ್ಕೆ ಹರಿಯಿತು. ಅವನ ಕತ್ತು ಕೆಂಪಾಯಿತು. ಅನುಕೂಲಕ್ಕೆ ತಕ್ಕಂತೆ ಮಾತಿನ ಅರ್ಥ ಬದಲಿಸಿದರೆ ಯಾವ ವ್ಯವಹಾರವೂ ನಡೆಯದು ಎಂದ. ವ್ಯಾಪಾರದ ದೃಷ್ಟಿಯಿಂದ ಅವನ ವಾದ ನ್ಯಾಯವಾದದ್ದೇ. ಮಿಸ್ ಲಾಕ್ಸ್‌ಲಿ ನಗಲಿಲ್ಲ, ಯಾರ ಪರವಾಗಿಯೂ ತಲೆಯಾಡಿಸಲಿಲ್ಲ. ಮರುದಿನ ತಾನೇ ಬಂದು ಜಾಗ ನೋಡುತ್ತೇನೆ, ಎರಡು ಕಡೆಯವರೂ ಬರಬಹುದು ಎಂದಳು. ಒಂದು ಷರತ್ತು: ಅಲ್ಲಿ ಯಾರೂ ವಾದ ಮಾಡಕೂಡದು, ಹೊಗಳಕೂಡದು, ತೆಗಳಕೂಡದು. ಏನಿದೆಯೋ ಅದನ್ನು ಬೆರಳು ಮಾಡಿ ತೋರಿಸಬಹುದು, ಅಷ್ಟೇ.

ಹೊಗಳಕೂಡದು ಎಂದು ಕೇಳಿದಾಗ ಸಭೆಯಲ್ಲಿ ಎಷ್ಟೋ ಜನರ ಬಿಗಿದ ಭುಜ ಸಡಿಲಾಯಿತು. ಅದು ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ.

ಮರುದಿನ ಸಣ್ಣ ಮಳೆ. ಬೀದಿಯವರು ಗುಂಪು ಕಟ್ಟಿ ನಿಲ್ಲಲಿಲ್ಲ, ಫಲಕ ಹಿಡಿಯಲಿಲ್ಲ. ಮೇವಿಸ್ ಹಿಂದಿನ ದಿನವೇ ಹೇಳಿದ್ದಳು: ಯಾರೂ ಬರಬೇಡಿ, ನಿಮ್ಮ ನಿಮ್ಮ ಕೆಲಸಕ್ಕೆ ಹೋಗಿ, ಆದರೆ ಮೆಟ್ಟಿಲ ಮೇಲೇ ಹೋಗಿ. ಹಾಗಾಗಿ ಮಿಸ್ ಲಾಕ್ಸ್‌ಲಿ ಇಳಿಯುವಾಗ ಜರೀನಾ ತರಕಾರಿ ಚೀಲ ಹಿಡಿದು ಹತ್ತಿ ಬಂದಳು, ಗೋಡೆಗೆ ಒರಗಿ ದಾರಿ ಬಿಟ್ಟಳು. ಅಂಚೆಯವನು ಬಂದ. ಚಿಪ್ಸಿನ ಅಂಗಡಿಯವಳು ಬಕೆಟ್ ಹಿಡಿದು ಬಂದಳು. ಎಲ್ಲರೂ “ಹಾಳು ಮಳೆ” ಎಂದರು, ಮುಂದೆ ಹೋದರು.

ಮೇವಿಸ್ ಅಂಗಡಿಯಲ್ಲಿ ಮಾಲು ಬಿಚ್ಚುವವಳ ಹಾಗೆ ಒಂದೊಂದನ್ನೇ ತೋರಿಸಿದಳು.

“ಇದು ಕಂಬಿ.” ಮಿಸ್ ಲಾಕ್ಸ್‌ಲಿ ಅದರ ಮೇಲೆ ಕೈ ಇಟ್ಟಳು. ಕಬ್ಬಿಣ ಅಂಗೈಗಳಿಗೆ ಸವೆದು ಬೆಳ್ಳಿಯ ಹಾಗಾಗಿತ್ತು. “ಇದು ಮೆಟ್ಟಿಲು.” ಗಿರಣಿ ಹೆಂಗಸರ ಮರದ ಬೂಟುಗಳು ಕಲ್ಲಿನ ನಡುವೆ ತಟ್ಟೆಯಷ್ಟು ಗುಳಿ ಮಾಡಿದ್ದವು. ಅದರಲ್ಲಿ ಮಳೆನೀರು ನಿಂತಿತ್ತು. ಜಗಲಿಗೆ ಬಂದಾಗ ಕ್ಲಿಫರ್ಡ್ ಆಗಲೇ ಬೆಂಚಿನ ಮೇಲಿದ್ದ. “ಅದು ಬಸ್ಸು,” ಎಂದ ಅವನು. ಮಂಜಿನಲ್ಲಿ ಹಳದಿ ಕಿಟಕಿಗಳ ಬಸ್ಸೊಂದು ಗುಡ್ಡದ ತಿರುವಿನಲ್ಲಿ ಏದುಸಿರು ಬಿಡುತ್ತ ಹತ್ತುತ್ತಿತ್ತು. ಗೇರಿನ ಬಗ್ಗೆ ಅವನ ಬಾಯಿಗೆ ಬಂದ ಮಾತನ್ನು ಷರತ್ತು ನೆನಪಾಗಿ ನುಂಗಿಕೊಂಡ. ಅದು ಅವನ ಜೀವನದ ದೊಡ್ಡ ತ್ಯಾಗಗಳಲ್ಲಿ ಒಂದು. “ಅದು ಅನಿಲದ ತೊಟ್ಟಿ,” ಎಂದಳು ಮೇವಿಸ್. “ಈಗ ಅಡುಗೆ ಹೊತ್ತು.” ತೊಟ್ಟಿ ಅರ್ಧ ಕುಸಿದು ಕೂತಿತ್ತು. “ಅದು ಜರೀನಾಳ ದುಪಟ್ಟಾ. ಮಳೆ ಬಂದ್ರೂ ಒಳಗೆ ತಗೊಂಡಿಲ್ಲ ಇವತ್ತು.”

ಪೆಲ್ಹ್ಯಾಮ್‌ಗೆ ಹೇಳಲು ಬೇಕಾದಷ್ಟಿತ್ತು. ಬಸ್ಸಿನ ಸದ್ದು, ಜಾರುವ ಕಲ್ಲು, ಕೊಬ್ಬಿನ ವಾಸನೆ. ಬಾಯಿ ತೆರೆದಾಗಲೆಲ್ಲ ಮಿಸ್ ಲಾಕ್ಸ್‌ಲಿ ಅವನತ್ತ ತಿರುಗುತ್ತಿದ್ದಳು, ಅವನು ಮುಚ್ಚುತ್ತಿದ್ದ. ಅವನಿಗೂ ತೋರಿಸಲು ಅವಕಾಶವಿತ್ತು. ತೋರಿಸಬೇಕಾದದ್ದು ಇನ್ನೂ ಚಿತ್ರದಲ್ಲಷ್ಟೇ ಇತ್ತು. ಅವನು ಸುರುಳಿ ಬಿಚ್ಚುವಷ್ಟರಲ್ಲಿ ಕಾರಂಜಿಯ ಮೇಲೆ ಮಳೆ ಬಿದ್ದು ಬಣ್ಣ ಹರಡಿತು.

ನೋಡಬೇಕಾದದ್ದೆಲ್ಲ ಮುಗಿದಿತ್ತು. ಮಿಸ್ ಲಾಕ್ಸ್‌ಲಿ ಹೊರಡಲಿಲ್ಲ. ತಗ್ಗು ಗೋಡೆಯ ಮೇಲೆ ಎರಡೂ ಕೈ ಊರಿ ನಿಂತಳು. ಮೋಡ ಒಂದು ಕಡೆ ಹರಿದು ಛಾವಣಿಗಳ ಮೇಲೆ ಬೆಳಕು ಬಿತ್ತು. ಒಂದು ಸಾಲು ಹೊಳೆಯಿತು, ಆರಿತು, ಪಕ್ಕದ ಸಾಲು ಹೊಳೆಯಿತು. ದಿನವೂ ಎಷ್ಟು ಹೊತ್ತು ನಿಲ್ಲುತ್ತೀರಿ ಎಂದು ಅವಳು ಮೇವಿಸಳನ್ನು ಕೇಳಿದಳು.

“ಟೀ ಆರೋಷ್ಟು ಹೊತ್ತು.”

“ನಾನು ಇನ್ನೂ ಸ್ವಲ್ಪ ನಿಲ್ಲಬಹುದಾ?”

“ನಿಂತ್ಕೊಳಿ. ಯಾರೂ ತಡೆಯಲ್ಲ,” ಎಂದಳು ಮೇವಿಸ್. ಆಮೇಲೆ ಪೆಲ್ಹ್ಯಾಮ್‌ನ ಕಡೆ ನೋಡಿ ಸೇರಿಸಿದಳು, “ಇವತ್ತಿನ ಮಟ್ಟಿಗೆ.”

ಪೆಲ್ಹ್ಯಾಮ್ ಕೆಮ್ಮಿದ. “ಅದು ಗೆರೆ ದಾಟಿತು, ಮಿಸೆಸ್ ಸಗ್ಡನ್,” ಎಂದಳು ಮಿಸ್ ಲಾಕ್ಸ್‌ಲಿ. ಆದರೂ ನಿಂತೇ ಇದ್ದಳು.

ತೀರ್ಪು ಬೇಸಿಗೆಯಲ್ಲಿ ಬಂತು. ಮೆಟ್ಟಿಲ ದಾರಿ ಎಲ್ಲರಿಗೂ ತೆರೆದೇ ಇರತಕ್ಕದ್ದು, ಗೇಟು ಹಾಕಕೂಡದು. ಆ ಸಂಜೆ ಬೀದಿಯಲ್ಲಿ ಕುಣಿತ ಏನೂ ಆಗಲಿಲ್ಲ. ಕ್ಲಿಫರ್ಡ್ ಬೆಂಚಿನ ಮೇಲೆ ಕೂತು, ಕೂಡಿಟ್ಟುಕೊಂಡಿದ್ದನ್ನೆಲ್ಲ ಸೇರಿಸಿ ಬಸ್ಸಿನವರನ್ನು ಬೈದ. ಜರೀನಾ ಸಿಹಿ ಹಂಚಿದಳು. ಒಬ್ಬಳೇ ಒಬ್ಬಳು ಬಹಿರಂಗವಾಗಿ ಸಂತೋಷಪಟ್ಟದ್ದಕ್ಕೆ ಉಳಿದವರು ಕ್ಷಮಿಸಿ ತಿಂದರು. ಕಂಪನಿ ದಾರಿಯ ಹೆಸರಿನ ಫಲಕ ಹಾಕಿಸಲು ಬಂದಾಗ ಜಿನ್ನಲ್ಲೋ ಸ್ನಿಕೆಟ್ಟೋ ಎಂಬ ಜಗಳ ಮತ್ತೆ ಹೊತ್ತಿಕೊಂಡು, ಫಲಕ ಇವತ್ತಿಗೂ ಬಂದಿಲ್ಲ.

ಫ್ಲಾಟುಗಳು ಆದವು, ಜನ ಬಂದರು. ಅವರೂ ಮೆಟ್ಟಿಲು ಹತ್ತುತ್ತಾರೆ, ಗೋಡೆಗೆ ಒರಗಿ ದಾರಿ ಬಿಡುತ್ತಾರೆ. ಹೊಸದಾಗಿ ಬಂದ ಒಬ್ಬ ಒಂದು ಸಂಜೆ ಜಗಲಿಯಲ್ಲಿ ನಿಂತು ಕೈ ಅಗಲಿಸಿ, ಎಷ್ಟು ಸುಂದರ, ಎಷ್ಟು ಸುಂದರ ಎಂದನಂತೆ. ಮೇವಿಸ್ ಗಾಬರಿಯಾಗಿ ಮಾರುಕಟ್ಟೆಗೆ ಬಂದು ತುಂಡು ಬಟ್ಟೆಯವನಿಗೆ ಹೇಳಿದಳು: “ಪಾಪ, ಒಳ್ಳೆ ಹುಡುಗ ಕಣೋ. ಇಲ್ಲಿ ಹಿಡಿಸ್ತಿಲ್ಲ ಅಂತ ಕಾಣುತ್ತೆ.” ಆಮೇಲೆ ಒಂದು ಬೂದು ಬಣ್ಣದ ತುಂಡನ್ನು ತಿರುವಿ ಹಾಕಿ, ಹೆಬ್ಬೆರಳು ಓಡಿಸಿ, ‘ಪರವಾಗಿಲ್ಲ’ ಎನ್ನದೆಯೇ ಕೆಳಗಿಟ್ಟು ಹೋದಳು.

ಆ ತುಂಡು ಬಟ್ಟೆಯವನೇ ಇದನ್ನು ಬರೆದವನು. ಒಂದೆರಡು ಚಳಿಗಾಲ ಕಳೆದು ದಕ್ಷಿಣಕ್ಕೆ ಹಿಂದಿರುಗುವ ಲೆಕ್ಕದಲ್ಲಿ ಬಂದಿದ್ದ ಅವನು ಈಗಲೂ ದಿನವೂ ಆ ಜಗಲಿಯಲ್ಲಿ, ಟೀ ಆರುವಷ್ಟು ಹೊತ್ತು, ನಿಲ್ಲುತ್ತಾನೆ. ನಿಂತು ನೋಡುವುದನ್ನು ಅವನಿಗೆ ಕಲಿಸಿದವಳು ಮೇವಿಸ್ ಸಗ್ಡನ್. ಆ ಋಣ ಅವನ ಮೇಲಿದೆ.